ಬ್ಯಾಂಡಿನ ಕಾಕಾ ಅವರ ನೆನಪಿನಲ್ಲಿ ಮೂರು ಊರು

ಊರ ಕಡೆಯಿಂದ ಬರುವ ನೆಂಟರು ಗುಜರಾತಿನ ಕನ್ನಡಿಗರನ್ನು ಕೇಳುವ ಪ್ರಶ್ನೆಗಳು ಎರಡು. ಇಲ್ಲಿಯವರು ಬೇಳೆಯ ಸಾರಿಗೂ ಬೆಲ್ಲ ಹಾಕುವುದು ನಿಜವೇ ಎಂಬುದು ಒಂದು. ಇಲ್ಲಿ ನೋಡತಕ್ಕದ್ದು ಏನೇನಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಊಟದ ಎಲೆಯೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ನಮ್ಮಲ್ಲಿ ಸಿದ್ಧವಾದ ಪಟ್ಟಿಯೊಂದುಂಟು. ಅಹಮದಾಬಾದಿನಲ್ಲಿ ಸಾಬರಮತಿಯ ಆಶ್ರಮ, ಕಾಂಕರಿಯಾ ಕೆರೆ, ಸೀದಿ ಸೈಯದ್ ಮಸೀದಿಯ ಕಲ್ಲಿನ ಜಾಲಂಧ್ರ. ಬರೋಡೆಯಲ್ಲಿ ಲಕ್ಷ್ಮೀವಿಲಾಸ ಅರಮನೆ. ಸೂರತ್ತಿನಲ್ಲಿ ಸೀರೆಯ ಅಂಗಡಿ. ಮೂರು ದಿನದಲ್ಲಿ ಮೂರು ಊರೂ ಮುಗಿಯುತ್ತವೆ, ನೆಂಟರ ಚೀಲವೂ ತುಂಬುತ್ತದೆ, ನಮ್ಮ ಕೈಚೀಲವೂ ಹಗುರಾಗುತ್ತದೆ.

ಕಳೆದ ಜನವರಿಯಲ್ಲಿ ನಾವು ನಾಲ್ವರು ಗೆಳೆಯರು ಅದೇ ಮೂರು ಊರುಗಳಿಗೆ ಹೋಗಿಬಂದೆವು. ಆದರೆ ಪಟ್ಟಿ ಬೇರೆ. ನಾಲ್ವರೂ ಅಹಮದಾಬಾದಿನ ಪೂರ್ವ ಭಾಗದ ಒಂದೇ ಶಾಲೆಯಲ್ಲಿ ಓದಿದವರು, ನಾಲ್ವರೂ ಆ ಶಾಲೆಯ ಬ್ಯಾಂಡಿನಲ್ಲಿದ್ದವರು. ಒಬ್ಬ ಈಗ ಬ್ಯಾಂಕಿನಲ್ಲಿದ್ದಾನೆ, ಒಬ್ಬ ಔಷಧದ ಅಂಗಡಿ ಇಟ್ಟಿದ್ದಾನೆ, ಒಬ್ಬಳು ಪ್ರಾಥಮಿಕ ಶಾಲೆಯ ಶಿಕ್ಷಕಿ, ಉಳಿದವನು ಸರ್ಕಾರಿ ಕಚೇರಿಯ ಗುಮಾಸ್ತ. ದಿನವೆಲ್ಲ ಕಡತದಲ್ಲಿ ಟಿಪ್ಪಣಿ ಬರೆಯುವವನಿಗೆ ಯಾವುದನ್ನಾದರೂ ಬರೆಯಲು ಬರುತ್ತದೆಂಬ ನಂಬಿಕೆಯಿಂದ ಉಳಿದ ಮೂವರು ಈ ಲೇಖನದ ಹೊಣೆಯನ್ನು ಅವನ ತಲೆಗೆ ಕಟ್ಟಿದ್ದಾರೆ. ಆದುದರಿಂದ ಇಲ್ಲಿ ‘ನಾವು’ ಎಂದರೆ ನಾಲ್ವರೂ ಎಂದೇ ವಾಚಕರು ತಿಳಿಯಬೇಕು.

ನಾವು ಹುಡುಕಿಕೊಂಡು ಹೊರಟದ್ದು ನಮ್ಮ ಬ್ಯಾಂಡಿನ ಕಾಕಾ ಅವರ ನೆನಪನ್ನು. ಅವರು ತೀರಿಕೊಂಡು ಎರಡು ವರ್ಷವಾಯಿತು. ಹೆಸರು ಬರೆಯುವುದಿಲ್ಲ, ಏಕೆಂಬುದು ಮುಂದೆ ಬರುತ್ತದೆ. ಕಾಕಾ ಎಂಬ ಮಾತಿನಲ್ಲಿ ಒಂದು ಅನುಕೂಲವುಂಟು. ಬೆಳಗಾವಿ ಧಾರವಾಡದ ಕಡೆ ಚಿಕ್ಕಪ್ಪನಿಗೆ ಕಾಕಾ ಎನ್ನುತ್ತಾರೆ, ಗುಜರಾತಿಯಲ್ಲಿಯೂ ಕಾಕಾ ಎಂದೇ ಎನ್ನುತ್ತಾರೆ. ಆದ್ದರಿಂದ ಕನ್ನಡದ ಮಕ್ಕಳಿಗೂ ಗುಜರಾತಿ ಮಕ್ಕಳಿಗೂ ಅವರು ಏಕಕಾಲಕ್ಕೆ ಚಿಕ್ಕಪ್ಪನಾಗಿಬಿಟ್ಟರು. ಮೈಸೂರು ಕಡೆಯಿಂದ ಬಂದ ಒಂದೆರಡು ಮನೆಯವರು ಮಾತ್ರ ಮಕ್ಕಳಿಗೆ ‘ಚಿಕ್ಕಪ್ಪ ಎನ್ನಿ’ ಎಂದು ಹೇಳಿಕೊಡುತ್ತಿದ್ದರು. ಮಕ್ಕಳು ಕೇಳಲಿಲ್ಲ.

ಕಾಕಾ ಗೋಕಾಕದ ಕಡೆಯವರು. ಜಲಪಾತದ ಬಳಿಯ ನೂಲಿನ ಗಿರಣಿಯಲ್ಲಿ ಫಿಟ್ಟರನ ಕೆಲಸ ಕಲಿತು, 1970ರ ಸುಮಾರಿಗೆ ಅಹಮದಾಬಾದಿಗೆ ಬಂದರು. ಆಗ ಈ ಊರಿಗೆ ಬರುವುದೆಂದರೆ ಗಿರಣಿಗೆ ಬರುವುದೆಂದೇ ಅರ್ಥ. ರಣಛೋಡಲಾಲ್ ಛೋಟಾಲಾಲರ ಮೊದಲ ಗಿರಣಿ 1861ರಲ್ಲಿ ಹೊಗೆ ಬಿಟ್ಟ ಮೇಲೆ ನೂರು ವರ್ಷ ಈ ಊರಿನ ಗಡಿಯಾರ ಗಿರಣಿಯ ಭೋಂಗಾ ಆಗಿತ್ತು. ಸರಸಪುರ, ಗೋಮತೀಪುರ, ರಖಿಯಾಲದ ಕಡೆ ಹೋದರೆ ಇಂದಿಗೂ ಒಂದೆರಡು ಚಿಮಣಿಗಳು ಯಾರನ್ನೋ ಕಾಯುತ್ತ ನಿಂತಂತೆ ನಿಂತಿವೆ. 1980ರ ದಶಕದಿಂದ ಒಂದೊಂದಾಗಿ ಗಿರಣಿಗಳು ಬಾಗಿಲು ಹಾಕಿದುವು. ಕಾಕಾ ಅವರದೂ ಹಾಕಿತು. ಆಮೇಲೆ ಅವರು ಹೊಲಿಗೆಯಂತ್ರ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಅರ್ಧ ಪಗಾರಕ್ಕೆ ಕುಳಿತರು. ಕಾಕಿ ಮನೆಯಲ್ಲಿ ಖಾಖರಾ ಲಟ್ಟಿಸಿ ಅಂಗಡಿಗಳಿಗೆ ಕೊಡತೊಡಗಿದರು. ಖಾಖರಾ ಎಂದರೆ ನಮ್ಮ ಚಪಾತಿಯನ್ನು ಹಪ್ಪಳದ ಗತಿಗೆ ತಂದದ್ದು. ಜೋಳದ ರೊಟ್ಟಿ ಬಡಿದ ಕೈಗೆ ಅದೇನು ದೊಡ್ಡ ವಿದ್ಯೆಯಲ್ಲ.

ಬ್ಯಾಂಡಿಗೆ ಅವರು ಬಂದ ಬಗೆ ಹೀಗೆ. ಅವರ ಮಗಳು ಐದನೆಯ ಇಯತ್ತೆಯಲ್ಲಿ ಬ್ಯಾಂಡಿಗೆ ಸೇರಿ ಒಂದು ಸೈಡ್ ಡ್ರಮ್ ಕುತ್ತಿಗೆಗೆ ಹಾಕಿಕೊಂಡಳು. ಬಡಿದರೆ ತಗಡಿನ ಡಬ್ಬಿಯ ಸದ್ದು. ‘ಅಪ್ಪಾ, ನನ್ನ ಡ್ರಮ್ಮಿಗೆ ನೆಗಡಿ ಆಗೇದ’ ಎಂದು ಅವಳು ಮನೆಯಲ್ಲಿ ಹೇಳಿದಳಂತೆ. ಮರುದಿನ ಕಾಕಾ ಪಾನಾ ಹಿಡಿದುಕೊಂಡು ಶಾಲೆಗೆ ಬಂದರು. ವ್ಯಾಯಾಮದ ಮಾಸ್ತರರು ಉಪಕರಣಗಳ ಟ್ರಂಕನ್ನು ತೆರೆದು ತೋರಿಸಿ, ಮಾಡುವುದಾದರೆ ಮಾಡಿರಿ ಎಂದು ಕೈಬಿಟ್ಟರು. ಡ್ರಮ್ಮಿನ ಕೆಳಮುಖದಲ್ಲಿ ಅಡ್ಡಲಾಗಿ ಎಳೆದ ತೆಳು ತಂತಿಗಳಿರುತ್ತವೆ. ಮೇಲಿನ ಏಟಿಗೆ ಅವು ಕೆಳಚರ್ಮಕ್ಕೆ ತಾಗಿ ನಡುಗುವುದರಿಂದಲೇ ಆ ‘ಝರ್’ ಎಂಬ ದನಿ ಹುಟ್ಟುತ್ತದೆ. ಅವು ಸಡಿಲಾಗಿದ್ದುವು, ಅಷ್ಟೆ. ನೆಗಡಿ ವಾಸಿಯಾಯಿತು. ಆದರೆ ಟ್ರಂಕಿನಲ್ಲಿ ಇನ್ನೂ ಹನ್ನೊಂದು ರೋಗಿಗಳಿದ್ದರು. ಕಾಕಾ ಅವನ್ನು ನೋಡಿಬಿಟ್ಟರು. ಮಗಳು ಹತ್ತನೆಯದು ಮುಗಿಸಿ ಶಾಲೆ ಬಿಟ್ಟಳು, ತಂದೆ ಬಿಡಲಿಲ್ಲ. ನಾವು ಬ್ಯಾಂಡಿಗೆ ಸೇರಿದ ಕಾಲಕ್ಕೆ ಅವರು ಯಾರ ತಂದೆ ಎಂಬುದೇ ಹೊಸ ಮಕ್ಕಳಿಗೆ ತಿಳಿದಿರಲಿಲ್ಲ.

ಅವರಿಗೆ ಸಂಬಳವಿರಲಿಲ್ಲ, ಸಮವಸ್ತ್ರವಿರಲಿಲ್ಲ, ಫೋಟೋದಲ್ಲಿ ಜಾಗವಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಸೈಕಲ್ಲಿನ ಹಿಂದೆ ದೊಡ್ಡ ಡೋಲನ್ನು ಕಟ್ಟಿಕೊಂಡು ಬರುತ್ತಿದ್ದರು. ಶಾಲೆಯ ಕೋಣೆ ಸೋರುತ್ತಿತ್ತಾದ್ದರಿಂದ ಮಳೆಗಾಲದಲ್ಲಿ ಡೋಲು ಅವರ ಮನೆಯಲ್ಲಿ ಇರುತ್ತಿತ್ತು. ಚರ್ಮದ ವಾದ್ಯಕ್ಕೆ ತೇವ ಶತ್ರು: ನೀರು ಕುಡಿದ ಚರ್ಮ ಹಿಗ್ಗುತ್ತದೆ, ದನಿ ಇಳಿಯುತ್ತದೆ. ಸುತ್ತಲಿನ ತಿರುಪುಗಳನ್ನು ಬಿಗಿದರೆ ದನಿ ಏರುತ್ತದೆ, ಆದರೆ ಎದುರುಬದುರಾಗಿ ಒಂದೊಂದೇ ಸುತ್ತು ಬಿಗಿಯಬೇಕು; ಒಂದೇ ಕಡೆಯಿಂದ ಬಿಗಿಯುತ್ತ ಹೋದರೆ ಬಿಸಿಲಿಗೆ ಚರ್ಮ ಸೀಳುತ್ತದೆ. ಗಿರಣಿಯ ಯಂತ್ರ ನೋಡಿದವರಿಗೆ ಇದು ಕೈಗೆ ಬಂದ ವಿದ್ಯೆ. ಎಳೆಯ ಹೆಗಲಿಗೆ ಪಟ್ಟಿ ಒತ್ತಬಾರದೆಂದು ಗಿರಣಿಯ ಹತ್ತಿಯ ವೇಸ್ಟನ್ನು ತುಂಬಿ ಹೊಲಿದ ಮೆತ್ತೆಗಳನ್ನು ಪ್ರತಿಯೊಂದು ಪಟ್ಟಿಗೂ ಹಾಕಿದ್ದರು. ಬ್ಯೂಗಲ್ಲಿಗೆ ಗುಂಡಿ ಇಲ್ಲ, ರಂಧ್ರವಿಲ್ಲ, ಇರುವುದು ಐದಾರು ಸ್ವರ ಮಾತ್ರ, ಅವೂ ತುಟಿಯ ಬಿಗಿತದಿಂದಲೇ ಹೊರಡಬೇಕು ಎಂದು ತಿಳಿಸಿದವರು ಅವರು. ‘ಐದು ಸ್ವರದಾಗ ಊರ ಎಬ್ಬಸ್ತದ. ನಿಮಗ ಎಷ್ಟ ಬೇಕಪಾ?’ ಎನ್ನುತ್ತಿದ್ದರು. ಸ್ವತಃ ಊದಲು ಬರುತ್ತಿರಲಿಲ್ಲ. ಅವರ ಊರಿನ ಜಾತ್ರೆಯಲ್ಲಿ ಕೇಳಿದ ಕರಡಿಮಜಲಿನ ಲಯ ಮಾತ್ರ ಅವರ ಕೈಯಲ್ಲಿತ್ತು. ನಮ್ಮ ದೊಡ್ಡ ಡೋಲಿನ ಹುಡುಗ ಕವಾಯತಿನ ನಡುವೆ ಎಲ್ಲಿಯಾದರೂ ಒಂದು ಚಮತ್ಕಾರದ ಪೆಟ್ಟು ಸೇರಿಸಿದರೆ ಅದು ಬೆಳಗಾವಿ ಜಿಲ್ಲೆಯದೆಂದು ನಮಗೆ ತಿಳಿಯುತ್ತಿತ್ತು; ಬಂದ ಅತಿಥಿಗಳಿಗೆ ತಿಳಿಯುತ್ತಿರಲಿಲ್ಲ.

ಮಕ್ಕಳು ದಣಿದು ಕುಳಿತರೆ ಅವರು ಬೈಯುತ್ತಿರಲಿಲ್ಲ. ಮೋಟೆಬೆನ್ನೂರಿನ ಮೈಲಾರ ಮಹಾದೇವನ ಕಥೆ ಹೇಳುತ್ತಿದ್ದರು. ಇದೇ ಊರಿನ ಆಶ್ರಮದಿಂದ 1930ರ ಮಾರ್ಚ್ 12ರಂದು ಗಾಂಧೀಜಿಯವರ ಜೊತೆ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟ ಎಪ್ಪತ್ತೆಂಟು ಮಂದಿಯಲ್ಲಿ ಕರ್ನಾಟಕದಿಂದ ಬಂದವನು ಅವನೊಬ್ಬನೇ. ಆಗ ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಇಪ್ಪತ್ತನಾಲ್ಕು ದಿನ ನಡೆದು ದಾಂಡಿ ಮುಟ್ಟಿದ ಆ ತಂಡದಲ್ಲಿ ಪಂಡಿತ ನಾರಾಯಣ ಮೋರೇಶ್ವರ ಖರೆಯವರ ಭಜನೆ ಇತ್ತು. ‘ಅವರು ಇನ್ನೂರಾ ನಲವತ್ತು ಮೈಲಿ ನಡದ್ರು. ನೀವು ಮೈದಾನ ಸುತ್ತಾಕ ಅಳತೀರಿ’ ಎಂಬಲ್ಲಿಗೆ ಕಥೆ ಮುಗಿಯುತ್ತಿತ್ತು, ನಾವು ಏಳುತ್ತಿದ್ದೆವು. ಮಹಾದೇವನು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಿದ್ದನೆಂಬುದನ್ನು ಕಾಕಾ ನಮಗೆ ಹೇಳಲಿಲ್ಲ. ಅದನ್ನು ನಾವು ದೊಡ್ಡವರಾದ ಮೇಲೆ ಓದಿ ತಿಳಿದೆವು.

ಈ ಊರಿನಲ್ಲಿ ಬ್ಯಾಂಡಿನವರಿಗೆ ಒಂದು ವಿಶೇಷ ಕಷ್ಟವುಂಟು. ಹೊರಗಿನವರಿಗೆ ಅದು ಹೊಳೆಯುವುದಿಲ್ಲ. ಜನವರಿ 14 ಉತ್ತರಾಯಣ. ಅಂದು, ಮರುದಿನ ವಾಸಿ ಉತ್ತರಾಯಣದಂದು, ಅಹಮದಾಬಾದಿನ ಜನರೆಲ್ಲ ಮಾಳಿಗೆಯ ಮೇಲೆಯೇ ವಾಸ. ಗಾಜಿನ ಪುಡಿ ಹಚ್ಚಿದ ದಾರ ಎಳೆದು ಎಳೆದು ಪ್ರತಿಯೊಂದು ಮಗುವಿನ ತೋರುಬೆರಳೂ ಸೀಳಿರುತ್ತದೆ. ಹನ್ನೆರಡು ದಿನಕ್ಕೆ ಗಣರಾಜ್ಯೋತ್ಸವ. ಸೀಳಿದ ಬೆರಳಲ್ಲಿ ಡ್ರಮ್ಮಿನ ಕೋಲು ಹಿಡಿಯುವುದು ಹೇಗೆ? ಕಾಕಾ 16ನೆಯ ತಾರೀಖು ಬೆಳಿಗ್ಗೆ ಅರಿಸಿನದ ಡಬ್ಬಿ, ಅಂಟುಪಟ್ಟಿಯ ಉರುಳೆ ಹಿಡಿದು ಮೈದಾನದ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಬ್ಬೊಬ್ಬರ ಕೈಯನ್ನೂ ತಿರುಗಿಸಿ ನೋಡಿ ಪಟ್ಟಿ ಸುತ್ತಿ ಒಳಗೆ ಬಿಡುತ್ತಿದ್ದರು. ಎರಡನೆಯ ಪ್ರಶ್ನೆ, ‘ನಾಷ್ಟಾ ಆಗೇದ?’ ಇಲ್ಲವೆಂದವರಿಗೆ ಚೀಲದಿಂದ ಒಂದು ಖಾಖರಾ. ಮಕ್ಕಳು ತಲೆತಿರುಗಿ ಬೀಳುವುದು ಬಿಸಿಲಿಗಲ್ಲ, ಬರಿಹೊಟ್ಟೆಗೆ ಎಂಬುದು ಅವರ ಸಿದ್ಧಾಂತ.

2001ರ ಜನವರಿ 26 ಶುಕ್ರವಾರ. ಆ ದಿನವನ್ನು ಗುಜರಾತಿನಲ್ಲಿದ್ದವರು ಯಾರೂ ಮರೆಯಲಾರರು. ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಚ್ಛದಲ್ಲಿ ಭೂಮಿ ನಡುಗಿತು. ಅಹಮದಾಬಾದು ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರ. ಆದರೂ ಇಲ್ಲಿ ಎತ್ತರದ ವಸತಿಕಟ್ಟಡಗಳು ಎಷ್ಟೋ ಕುಸಿದುವು, ಮಣಿನಗರದಲ್ಲಿ ಒಂದು ಶಾಲೆಯ ಕಟ್ಟಡವೇ ಮಕ್ಕಳ ಮೇಲೆ ಬಿತ್ತು. ಕಚ್ಛದ ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಕ್ಕಟ್ಟಾದ ಬೀದಿಯಲ್ಲಿ ಹೊರಟಿದ್ದ 185 ಶಾಲಾಮಕ್ಕಳೂ 20 ಶಿಕ್ಷಕರೂ ಎರಡು ಬದಿಯ ಮನೆಗಳ ಕೆಳಗೆ ಸಿಕ್ಕಿ ಹೋದರು. ಅವರ ಹೆಸರಿನ ಸ್ಮಾರಕ 2022ರ ಆಗಸ್ಟಿನಲ್ಲಿ ಅಂಜಾರಿನಲ್ಲಿ ತೆರೆಯಿತು. ಕೈಯಲ್ಲಿ ಧ್ವಜ ಹಿಡಿದು ಸಾಲಾಗಿ ನಡೆಯುತ್ತಿದ್ದ ಆ ಮಕ್ಕಳಿಗೂ ನಮಗೂ ಇದ್ದ ವ್ಯತ್ಯಾಸ ಬೀದಿಗೂ ಮೈದಾನಕ್ಕೂ ಇರುವ ವ್ಯತ್ಯಾಸವೊಂದೇ.

ನಾವು ಮೈದಾನದ ನಡುವೆ ನಿಂತಿದ್ದೆವು. ಬ್ಯಾಂಡು ಮೊಗಸಾಲೆಯ ನೆರಳಿನಲ್ಲಿ ನಿಲ್ಲಲೆಂದು ಕೆಲವರು ಹೇಳಿದ್ದುಂಟು. ಗೋಡೆಗೆ ಬಡಿದು ಮರಳುವ ದನಿಯಿಂದ ಪೆಟ್ಟು ತಪ್ಪುತ್ತದೆಂದು ಕಾಕಾ ಒಪ್ಪಿರಲಿಲ್ಲ. ಮೊದಲು ನೆಲದೊಳಗೆ ಲಾರಿ ಓಡಿದಂತೆ ಸದ್ದು. ಧ್ವಜದ ಕಂಬ ತೂಗಿತು. ಮಕ್ಕಳು ಗೇಟಿನ ಕಡೆಗೆ, ಅಂದರೆ ನೇರವಾಗಿ ಕಾಂಪೌಂಡಿನ ಗೋಡೆಯ ಕಡೆಗೆ, ಓಡತೊಡಗಿದರು. ಕಾಕಾ ಡೋಲಿನ ಹುಡುಗನ ಕೈಯಿಂದ ಕೋಲು ಕಿತ್ತುಕೊಂಡು ದೊಡ್ಡ ಡೋಲನ್ನು ಬಡಿಯತೊಡಗಿದರು. ಅವಸರದ ಪೆಟ್ಟಲ್ಲ, ದಿನಾಲೂ ಎಡಗಾಲಿಗೆ ಬೀಳುವ ಅದೇ ನಿಧಾನದ ಪೆಟ್ಟು. ಎಡಗಾಲು ಡೋಲಿಗೆ ಬೀಳಬೇಕೆಂದು ಎರಡು ವರ್ಷ ಕಲಿತ ಕಾಲುಗಳು ತಾವಾಗಿಯೇ ನಿಂತವು, ಹಿಂದಿರುಗಿದುವು. ಬ್ಯಾಂಡಿನ ಮಕ್ಕಳು ತಿರುಗಿದ್ದನ್ನು ಕಂಡು ಉಳಿದವರೂ ತಿರುಗಿದರು. ಗೋಡೆ ಬಿದ್ದದ್ದು ಆಮೇಲೆ. ಕಟ್ಟಡ ಬೀಳಲಿಲ್ಲ, ಮೇಲಿನಿಂದ ಕೆಳತನಕ ಬಿರುಕು ಬಿಟ್ಟಿತು. ನೆಲ ನಿಂತ ಮೇಲೂ ಕಾಕಾ ಬಡಿಯುತ್ತಲೇ ಇದ್ದರು. ಮಾಸ್ತರರು ಬಂದು ಕೈ ಹಿಡಿದ ಮೇಲೆ ನಿಲ್ಲಿಸಿದರು.

ಆಮೇಲೆ ಜೇಬಿನಿಂದ ನೋಟುಬುಕ್ಕು ತೆಗೆದು ಇಪ್ಪತ್ತೆಂಟು ಹೆಸರು ಕೂಗಿದರು. ಎಲ್ಲರೂ ಇದ್ದೆವು. ನಮ್ಮನ್ನು ಸಾಲಾಗಿ ನಿಲ್ಲಿಸಿಕೊಂಡು, ರಸ್ತೆಯ ನಡುವೆಯೇ ನಡೆಸುತ್ತ, ಒಬ್ಬೊಬ್ಬರನ್ನೂ ಅವರವರ ಮನೆಯ ಹಿರಿಯರ ಕೈಗೆ ಒಪ್ಪಿಸುತ್ತ ಹೋದರು. ಫೋನು ಹತ್ತುತ್ತಿರಲಿಲ್ಲ, ಊರೆಲ್ಲ ಬೀದಿಯಲ್ಲಿ ನಿಂತಿತ್ತು. ಕೆಲವರ ಮನೆಯವರು ಸಿಗದೆ ಆಸ್ಪತ್ರೆಯ ಅಂಗಳದಲ್ಲಿ ಹುಡುಕಬೇಕಾಯಿತು. ನಮ್ಮಲ್ಲಿ ಔಷಧದ ಅಂಗಡಿಯವನೇ ಆ ದಿನ ಕೊನೆಯವನು. ಅವನ ತಂದೆ ಸಿಕ್ಕಿದಾಗ ಮಧ್ಯಾಹ್ನ ಮೂರೂವರೆ ದಾಟಿತ್ತು.

ಇಷ್ಟನ್ನು ಬರೆದ ಮೇಲೆ ಬರೋಡೆಗೆ ಹೋಗುವುದು ಸುಲಭ. ಅಹಮದಾಬಾದಿನಿಂದ ನೂರು ಕಿಲೋಮೀಟರು. ನಡಿಯಾದ್, ಆಣಂದ ದಾಟಿದರೆ ಬಂತು. ವಡೋದರಾ ಎಂಬುದು ಈಗಿನ ಹೆಸರು. ನಮ್ಮ ಹಿರಿಯರ ಬಾಯಲ್ಲಿ ಬರೋಡೆಯೇ. ಕಾಕಾ ನಮ್ಮನ್ನು ಒಮ್ಮೆ ಇಲ್ಲಿಗೆ ಕರೆತರುತ್ತೇನೆಂದು ಹೇಳಿದ್ದರು, ಆಗಲಿಲ್ಲ. ‘ಬರೋಡಾದ ಸಂಗೀತದ ಸಾಲಿ ಮೈಸೂರಿನ ವಿದ್ಯಾದ ಮ್ಯಾಲೆ ನಿಂತದ’ ಎಂದು ಅವರು ಹೇಳುತ್ತಿದ್ದುದನ್ನು ನಾವು ಕನ್ನಡಿಗರ ಅಭಿಮಾನದ ಮಾತೆಂದು ತಿಳಿದಿದ್ದೆವು. ವಿಚಾರಿಸಿದರೆ ಅದರಲ್ಲಿ ನಿಜದ ಪಾಲು ಸಣ್ಣದಲ್ಲ.

ಮೌಲಾಬಕ್ಷ್ ಎಂಬ ಗಾಯಕರು 1833ರಲ್ಲಿ ಉತ್ತರದಲ್ಲಿ ಹುಟ್ಟಿದವರು. ತಿರುಗುತ್ತ ತಿರುಗುತ್ತ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಅಲ್ಲಿ ಕರ್ನಾಟಕ ಸಂಗೀತದ ಶಾಸ್ತ್ರವನ್ನು ಕಂಡು, ಇದನ್ನು ಕಲಿಯದೆ ಬಿಡೆನೆಂದು ಕಲಿತು, ಆಸ್ಥಾನದಲ್ಲಿ ಕಲ್ಗಿ ಛತ್ರಗಳ ಮರ್ಯಾದೆ ಪಡೆದರು. ಹಾಡು ಬಾಯಿಂದ ಬಾಯಿಗೆ, ಅದೂ ಮನೆತನದೊಳಗೇ ಸಾಗುತ್ತಿದ್ದ ಕಾಲದಲ್ಲಿ, ಅದನ್ನು ಬರಹದ ಗುರುತುಗಳಲ್ಲಿ ಕಟ್ಟಿ ಶಾಲೆಯ ಮಕ್ಕಳಿಗೆ ಪುಸ್ತಕವಾಗಿ ಕೊಡಬಹುದೆಂದು ಅವರು ಕಂಡರು. ಮಹಾರಾಜ ಮೂರನೆಯ ಸಯಾಜಿರಾಯರ ಆಶ್ರಯದಲ್ಲಿ 1886ರಲ್ಲಿ ಬರೋಡೆಯಲ್ಲಿ ಗಾಯನಶಾಲೆ ತೆರೆಯಿತು. ಅವರ ಮಗ ಅಲಾವುದ್ದೀನ್ ಖಾನರು ಲಂಡನ್ನಿಗೆ ಹೋಗಿ ಪಾಶ್ಚಾತ್ಯ ಸಂಗೀತ ಓದಿಬಂದರು. ಮೊಮ್ಮಗ ಇನಾಯತ್ ಖಾನರು 1882ರಲ್ಲಿ ಇದೇ ಊರಿನಲ್ಲಿ ಹುಟ್ಟಿ, 1910ರಲ್ಲಿ ವೀಣೆ ಹಿಡಿದು ಪಶ್ಚಿಮಕ್ಕೆ ಹೋಗಿ ಸೂಫಿ ಗುರುವೆನಿಸಿದರು. ಅವರ ಮಗಳು ನೂರ್ ಇನಾಯತ್ ಖಾನ್ ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗುಪ್ತ ತಂತಿವರ್ತಮಾನದ ಕೆಲಸ ಮಾಡಿ ಸೆರೆಸಿಕ್ಕಿ 1944ರಲ್ಲಿ ದಾಖಾವ್ ಬಂದೀಖಾನೆಯಲ್ಲಿ ಕೊಲೆಯಾದಳು. ಯಾಕುತ್‌ಪುರದ ಓಣಿಯಲ್ಲಿ ಆ ಮನೆತನದ ಮನೆಯನ್ನು ಹೊರಗಿನಿಂದ ನೋಡಿ ನಿಂತಾಗ, ಮೈಸೂರಿನಿಂದ ಹೊರಟ ಒಂದು ದಾರಿ ಎಲ್ಲೆಲ್ಲಿಗೆ ಮುಟ್ಟಿತೆಂದು ನಾವು ಬೆರಗಾದೆವು. ಓಣಿಯ ಮಕ್ಕಳು ನಮ್ಮನ್ನು ನೋಡಿ ಬೆರಗಾದರು.

ಮೈಸೂರಿಗೂ ಬರೋಡೆಗೂ ಇನ್ನೂ ಕೊಡುಕೊಳೆ ಇದೆ. 1906ರಿಂದ 1909ರವರೆಗೆ ಮೈಸೂರಿನ ದಿವಾನರಾಗಿದ್ದ ವಿ. ಪಿ. ಮಾಧವರಾಯರು ಮುಂದೆ ಬರೋಡೆಗೂ ದಿವಾನರಾಗಿ ಬಂದರು. ಇತ್ತ ಬರೋಡೆಯ ಆಸ್ಥಾನದಲ್ಲಿದ್ದ ಅಬ್ದುಲ್ ಕರೀಂ ಖಾನರು ಇಲ್ಲಿಂದ ಹೊರಟು ಮುಂದೆ ಮಿರಜದಲ್ಲಿ ನೆಲೆಸಿದರು. ಅವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಮುಂದಿನದನ್ನು, ಗಂಗೂಬಾಯಿ, ಭೀಮಸೇನರ ಮಾತನ್ನು, ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ನಮ್ಮ ಲೆಕ್ಕದಲ್ಲಿ ಮೈಸೂರು ಕೊಟ್ಟದ್ದನ್ನು ಬರೋಡೆ ಬಡ್ಡಿಸಹಿತ ಹುಬ್ಬಳ್ಳಿ ಧಾರವಾಡಕ್ಕೆ ತೀರಿಸಿದೆ.

ಗಾಯನಶಾಲೆಯ ಬೆಳೆದ ರೂಪ ಸೂರ್‌ಸಾಗರ ಕೆರೆಯ ಎದುರಿಗೆ ಇದೆ. 1949ರಲ್ಲಿ ಸ್ಥಾಪನೆಯಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಸಂಗೀತ, ನೃತ್ಯ, ನಾಟಕಗಳ ವಿಭಾಗ ಅದು. ಒಳಗಿನಿಂದ ತಬಲಾದ ಅಭ್ಯಾಸ ಕೇಳುತ್ತಿತ್ತು. ಸಂಜೆ ಸಯಾಜಿ ಬಾಗಿಗೆ ಹೋಗಿ, ಹಿಂದಿನ ಕಾಲದ ಬ್ಯಾಂಡ್‌ಸ್ಟ್ಯಾಂಡಿನ ಹತ್ತಿರ ಕುಳಿತು ಸೇವ್ ಉಸಳ ತಿಂದೆವು. ಖಾರ ಬಾಯಿ ಸುಟ್ಟಿತು. ಗುಜರಾತಿನಲ್ಲಿ ಎಲ್ಲವೂ ಸಿಹಿ ಎನ್ನುವ ನೆಂಟರನ್ನು ಮೊದಲು ಬರೋಡೆಗೆ ಕಳುಹಿಸಬೇಕು.

ಮರುದಿನ ಸೂರತ್ತಿಗೆ ಹೊರಟೆವು. ಭರೂಚಿನಲ್ಲಿ ನರ್ಮದೆ; 1881ರ ಹಳೆಯ ಕಬ್ಬಿಣದ ಸೇತುವೆ ಪಕ್ಕದಲ್ಲಿ ಕಾಣುತ್ತದೆ. ಸ್ಟೇಷನ್ನಿನಲ್ಲಿ ಉಪ್ಪು ಹುರಿದ ಶೇಂಗಾ ಕೊಳ್ಳದೆ ಮುಂದೆ ಹೋದವರಿಲ್ಲ. ಸೂರತ್ತನ್ನು ವರ್ಣಿಸಲು ನಮ್ಮಿಂದಾಗದು. ವಜ್ರ, ಜರಿ, ಮಗ್ಗ, ಮೇಲುಸೇತುವೆ, ಎಲ್ಲಕ್ಕೂ ಅವಸರ. ನಡುವೆ ತಾಪಿ ನದಿ ಒಂದೇ ಸಾವಧಾನದ್ದು. ಅದೂ ಸಿಟ್ಟು ಬಂದಾಗ ಹಾಗಿಲ್ಲ.

ಕಾಕಾ ಅವರ ಮಗಳು, ನಮಗೆಲ್ಲ ಅಕ್ಕ, ಮದುವೆಯಾಗಿ ಸೂರತ್ತಿನಲ್ಲಿದ್ದಾರೆ. ಕಾಕಿ ತೀರಿಕೊಂಡ ಮೇಲೆ 2005ರಲ್ಲಿ ಕಾಕಾ ಇಲ್ಲಿಗೆ ಬಂದರು. ಬಾಗಿಲಲ್ಲಿಯೇ ಅಕ್ಕ, ‘ಬರ್ರಿ, ಒಳಗ ಬರ್ರಿ. ಎಷ್ಟ ದೊಡ್ಡವರಾಗೀರಿ’ ಎಂದು ನಮ್ಮ ನರೆತ ಕೂದಲು ನೋಡಿ ನಕ್ಕರು. ತಟ್ಟೆಯಲ್ಲಿ ಪೋಂಕ್ ಬಂತು. ಸೂರತ್ತಿನವರು ಚಳಿಗಾಲದಲ್ಲಿ ಜೋಳದ ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿ, ಸೇವ್ ನಿಂಬೆ ಸೇರಿಸಿ ತಿನ್ನುವ ಪದಾರ್ಥ ಇದು. ಅದಕ್ಕಾಗಿ ಮುಂಬಯಿಯಿಂದ ಜನ ಬರುತ್ತಾರೆ. ಬಾಯಿಗೆ ಹಾಕಿದೊಡನೆ ಬ್ಯಾಂಕಿನವನು, ‘ಇದು ನಮ್ಮ ಸೀತನಿ!’ ಎಂದ. ಹೌದು, ಸೀತನಿಯೇ. ಕಾಕಾ ಮೊದಲ ಚಳಿಗಾಲದಲ್ಲಿ ಇದನ್ನು ತಿಂದು, ‘ಇನ್ನ ಈ ಊರಾಗ ಇರಬಹುದು’ ಎಂದರಂತೆ.

ಮಾತು ಹಿಂದಕ್ಕೆ ಹೋಯಿತು. ನಾವು ನಮ್ಮ ನಮ್ಮ ಕಥೆಗಳನ್ನು ಹೇಳುತ್ತಿದ್ದೆವು. ಅಕ್ಕ ಸ್ವಲ್ಪ ಹೊತ್ತು ಕೇಳಿ ಹೇಳಿದರು: ‘ನಿಮಗ ಅವರು ಸಾಲ್ಯಾಗ ಸಿಕ್ರು. ನಮಗ ಮನ್ಯಾಗ ಸಿಗಲಿಲ್ಲ. ನಮ್ಮ ಗಡಿಯಾರ ಕೆಟ್ರ ಆರು ತಿಂಗಳು ಹಂಗ ಇರ್ತಿತ್ತು. ನಿಮ್ಮ ಡ್ರಮ್ಮಿನ ತಿರುಪು ಮಾತ್ರ ಅವತ್ತ ಆಗಬೇಕು. ಭೂಕಂಪದ ದಿವಸ ಅವ್ವ ನಾನು ಓಣ್ಯಾಗ ನಿಂತಿದ್ವಿ. ನಮ್ಮ ಹಿಂದಿನ ಬಿಲ್ಡಿಂಗ್ ಬಿದ್ದಿತ್ತು. ಅಪ್ಪ ಇದ್ದಾರೋ ಇಲ್ಲೋ ಗೊತ್ತಿಲ್ಲ. ನಾಕು ಗಂಟೆ ಆದ ಮ್ಯಾಲೆ ಬಂದ್ರು. ಅವ್ವ ಆ ರಾತ್ರಿ ಅವರ ಜೋಡಿ ಮಾತಾಡಲಿಲ್ಲ. ಮರುದಿವಸನೂ ಇಲ್ಲ.’

ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ನಮ್ಮ ತಾಯಿಗಳು ಅಂದು ನಮ್ಮನ್ನು ಅಪ್ಪಿಕೊಂಡಿದ್ದ ಹೊತ್ತಿನಲ್ಲಿ ಈ ತಾಯಿ ಮಗಳು ಬೀದಿಯಲ್ಲಿ ನಿಂತಿದ್ದರೆಂಬುದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಮಗೆ ತಿಳಿದೇ ಇರಲಿಲ್ಲ.

ಅಕ್ಕ ಎದ್ದು ಒಳಗಿನಿಂದ ಒಂದು ನೋಟುಬುಕ್ಕು ತಂದರು. ನಮಗೆ ಗುರುತು ಸಿಕ್ಕಿತು. ಅಂಚೆಲ್ಲ ಕಂದು ಕಲೆ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸೂರತ್ತಿನ ಬಹುಭಾಗ ಮುಳುಗಿದಾಗ ಇವರ ಮನೆಯ ಕೆಳಗಿನ ಕೋಣೆಯೂ ಮುಳುಗಿತು. ಕಾಕಾ ಅಕ್ಕಿಯ ಡಬ್ಬಿಯಲ್ಲಿ ಇದನ್ನಿಟ್ಟು ತಲೆಯ ಮೇಲೆ ಹೊತ್ತು ಮಾಳಿಗೆ ಹತ್ತಿದ್ದರು. ಅಕ್ಕಿಗಾಗಿ ಹೊತ್ತರೆಂದು ಮನೆಯವರು ತಿಳಿದಿದ್ದರಂತೆ.

ಅದರ ಮೊದಲ ಹಾಳೆಗಳಲ್ಲಿ ಪೆಟ್ಟುಗಳ ಲೆಕ್ಕ: ‘ಢಂ’ ಎಂದರೆ ದೊಡ್ಡ ಡೋಲು, ‘ಟ’ ಎಂದರೆ ಎಡಗೋಲು, ‘ಟಿ’ ಎಂದರೆ ಬಲಗೋಲು, ಉದ್ದಗೀಟು ಎಂದರೆ ಝರಿ. ಎಲ್ಲ ಕನ್ನಡ ಅಕ್ಷರದಲ್ಲಿ. ಗುಜರಾತಿ ಹುಡುಗರು ಇದನ್ನು ಜಿಲೇಬಿ ಲಿಪಿ ಎಂದು ಹಾಸ್ಯಮಾಡಿಯೂ ಆ ನಾಲ್ಕಾರು ಅಕ್ಷರಗಳನ್ನು ಕಲಿತಿದ್ದರು. ಹಿಂದಿನ ದಿನ ಮೌಲಾಬಕ್ಷರ ಗುರುತುಗಳ ಮಾತು ಕೇಳಿಬಂದ ನಮಗೆ ಈ ಹಾಳೆಗಳನ್ನು ಬೇಗ ತಿರುವಲಾಗಲಿಲ್ಲ. ಮುಂದೆ ಮಕ್ಕಳ ಹೆಸರು. ಒಬ್ಬೊಬ್ಬರ ಮುಂದೆಯೂ ಒಂದೊಂದು ಮಾತು: ಪಟ್ಟಿ ಎರಡು ಗೂಟ ಕಡಿಮೆ, ಎಡಚ, ಇವನ ತಂದೆಗೆ ಕೆಲಸ ಇಲ್ಲ, ಬೂಟು ಕೇಳಬೇಡ, ಬಿಸಿಲಿಗೆ ಮೂಗಿನಲ್ಲಿ ರಕ್ತ. ಈ ಗುಮಾಸ್ತನ ಹೆಸರಿನ ಮುಂದೆ ಇದ್ದದ್ದು, ‘ನಾಷ್ಟಾ ಆಗೇದ ಅಂತ ಸುಳ್ಳು ಹೇಳ್ತಾನ.’ ಉಳಿದ ಮೂವರಿಗೆ ಅಂದಿನಿಂದ ಇದೊಂದು ಆಸ್ತಿ ಸಿಕ್ಕಿದಂತಾಗಿದೆ.

ಅಕ್ಕ ಒಂದು ಹಾಳೆ ತೆರೆದು ನಮ್ಮ ಮುಂದೆ ಇಟ್ಟರು. 26-1-2001. ಇಪ್ಪತ್ತೆಂಟು ಹೆಸರು, ಪ್ರತಿಯೊಂದರ ಮುಂದೆ ಒಂದು ಸರಿಗುರುತು, ಮನೆ ಮುಟ್ಟಿಸಿದ ವೇಳೆ, ಯಾರ ಕೈಗೆ ಕೊಟ್ಟದ್ದು ಎಂಬುದು. ಕೊನೆಯ ಹೆಸರು 3-35. ಅದರ ಕೆಳಗೆ ಒಂದು ಗೆರೆ ಎಳೆದು, ಬೇರೆ ಬಗೆಯ, ಅಲುಗಿದ ಅಕ್ಷರದಲ್ಲಿ ಎರಡು ಹೆಸರು: ಕಾಕಿಯದು, ಅಕ್ಕನದು. ಅವುಗಳ ಮುಂದೆಯೂ ಸರಿಗುರುತು. ‘ಮನಿ, 4-10.’

‘ಇದನ್ನ ಅವರು ಹೋದ ಮ್ಯಾಲೆ ನೋಡಿದ್ನಿ. ಅವ್ವ ನೋಡಲೇ ಇಲ್ಲ’ ಎಂದಷ್ಟೇ ಹೇಳಿ ಅಕ್ಕ ಚಹಾ ಸೋಸಲು ಹೋದರು.

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗಳನ್ನು ನಾವು ಒಂದೂ ಬಿಡದೆ ಹುಡುಕಿ ನೋಡಿದ್ದೇವೆ. ಬ್ಯಾಂಡಿಗೆ ಬಂದ ಬಹುಮಾನಗಳಿವೆ, ಬಹುಮಾನ ಕೊಟ್ಟವರ ಹೆಸರುಗಳಿವೆ, ಕಾಕಾ ಅವರ ಹೆಸರಿಲ್ಲ. ಆ ಬ್ಯಾಂಡೂ ಈಗ ಇಲ್ಲ. ಕವಾಯತಿಗೆ ಧ್ವನಿವರ್ಧಕದಲ್ಲಿ ಮುದ್ರಿಸಿದ ಡ್ರಮ್ಮು ಹಾಕುತ್ತಾರೆ. ನಮ್ಮ ಸಂಘದ ಪತ್ರಿಕೆಯಲ್ಲಾದರೂ ಅವರ ಹೆಸರು, ಫೋಟೋ ಅಚ್ಚಾಗಲೆಂಬುದು ನಮ್ಮ ಆಸೆಯಾಗಿತ್ತು. ಅಕ್ಕನನ್ನು ಕೇಳಿದೆವು. ಅವರು ಯೋಚಿಸಿ, ‘ಬ್ಯಾಡ್ರಿ. ಕಾಕಾ ಅಂತ ಬರೀರಿ, ಸಾಕು. ಹೆಸರು ಹಾಕಿದ್ರ ಅದು ಬ್ಯಾರೆ ಯಾರದೋ ಆದಂಗ ಆಗ್ತದ’ ಎಂದರು. ನಮಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಅವರ ಮಾತು ಮೀರುವ ಅಧಿಕಾರ ನಮಗಿಲ್ಲ.

ಹೊರಡುವಾಗ ಅಕ್ಕ ಎರಡು ಪೊಟ್ಟಣ ಕೊಟ್ಟರು. ಒಂದರಲ್ಲಿ ದಾರಿಗೆ ಪೋಂಕ್. ಇನ್ನೊಂದರಲ್ಲಿ ಹತ್ತಿಯ ವೇಸ್ಟಿನಲ್ಲಿ ಸುತ್ತಿದ ಡ್ರಮ್ಮಿನ ಕೀಲಿ, ಎಣ್ಣೆ ಹಚ್ಚಿದ್ದು. ಅದು ಈಗಿನ ಡ್ರಮ್ಮುಗಳ ತಿರುಪಿಗೆ ಕೂಡುತ್ತದೆಯೋ ಇಲ್ಲವೋ ಎಂದು ರೈಲಿನಲ್ಲಿ ಚರ್ಚೆಯಾಯಿತು. ಅಹಮದಾಬಾದಿಗೆ ಬಂದು ನೋಡಿದೆವು, ಕೂಡುತ್ತದೆ.

ಕಡೆಯದಾಗಿ ಒಂದು ಸೂಚನೆ. ನಮ್ಮ ಸಂಘಕ್ಕೆ ಎರಡು ಸೈಡ್ ಡ್ರಮ್, ಒಂದು ಹಳೆಯ ದೊಡ್ಡ ಡೋಲು, ನಾಲ್ಕು ಬ್ಯೂಗಲ್ಲುಗಳನ್ನು ಕೊಂಡಿದ್ದೇವೆ. ರಾಜ್ಯೋತ್ಸವದ ಮೆರವಣಿಗೆಗೆ ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳು ಬೇಕು. ರವಿವಾರ ಬೆಳಿಗ್ಗೆ ಏಳಕ್ಕೆ ಸಂಘದ ಹಿಂದಿನ ಅಂಗಳದಲ್ಲಿ ಅಭ್ಯಾಸ. ತಿರುಪು, ಪಟ್ಟಿ, ಹೊಲಿಗೆ ಬಲ್ಲ ತಂದೆತಾಯಿಗಳು ಒಬ್ಬಿಬ್ಬರು ಬಂದರೆ ಉಪಕಾರವಾದೀತು. ಮಕ್ಕಳಿಗೆ ನಾಷ್ಟಾ ಮಾಡಿಸಿ ಕಳುಹಿಸಬೇಕು, ಬಾಗಿಲಲ್ಲಿ ಕೇಳುತ್ತೇವೆ.